ಅವ್ವನ ಕೈಗುಣ

ಅವ್ವ ಹೋದ ದಿನ ನನ್ನ ಕಣ್ಣಿಂದ ಒಂದು ಹನಿ ನೀರೂ ಬರಲಿಲ್ಲ. ಮೈಂದರ್ಗಿಯ ಮನೆಯ ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಓಣಿಯ ಹೆಂಗಸರು ಸುತ್ತ ಕುಳಿತು ಅವಳ ಒಂದೊಂದೇ ಗುಣ ಎತ್ತಿ ಅಳುತ್ತಿದ್ದರು. ನಾನು ಅವಳ ಬಲಗೈ ಹಿಡಿದುಕೊಂಡು ಕುಳಿತಿದ್ದೆ. ಕಣ್ಣೊಳಗೆ ಉಸುಕು ಬಿದ್ದಂತೆ ಚುಚ್ಚುತ್ತಿತ್ತು, ರೆಪ್ಪೆ ಕೆಂಪಗಾಗಿ ಉರಿಯುತ್ತಿತ್ತು, ಆದರೆ ಕಣ್ಣು ಒಣಗಿಯೇ ಇತ್ತು. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಪಕ್ಕದವಳ ಕಿವಿಯಲ್ಲಿ, ಸೊಲ್ಲಾಪುರದ ನೀರು ಕುಡಿದವಳ ಎದೆ ಭಾಳ ಗಟ್ಟಿ ನೋಡು ಅಂದಳು. ಕಿವಿಯಲ್ಲಿ ಹೇಳಿದ ಮಾತು ಅರ್ಧ ಪಡಸಾಲೆಗೆ ಕೇಳಿಸಿತು. ಬೇರೆ ದಿನವಾಗಿದ್ದರೆ ತಿರುಗಿ ಒಂದು ಮಾತು ಅಂದೇ ಬಿಡುತ್ತಿದ್ದೆ, ನನ್ನ ನಾಲಿಗೆ ಅಷ್ಟೇನೂ ಸಾಧುವಲ್ಲ. ಅಂದು ಅವ್ವನ ಕೈ ಬಿಟ್ಟು ತಿರುಗಲಿಲ್ಲ.

ನನ್ನ ಎದೆ ಗಟ್ಟಿಯಿಲ್ಲ. ನನಗೆ ಕಣ್ಣೀರು ಬರುವುದಿಲ್ಲ, ಅಷ್ಟೇ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಫಿಟ್ಸಿಗೆಂದು ನುಂಗಿದ ಗುಳಿಗೆ ಮೈಗೆ ಒಗ್ಗಲಿಲ್ಲ. ಮೈಯ ಚರ್ಮ ಸುಲಿದು ಹೋಯಿತು, ಕಣ್ಣೊಳಗಿನ ಪಸೆಯೂ ಹೋಯಿತು. ಚರ್ಮ ಮತ್ತೆ ಬಂತು, ಅಲ್ಲಲ್ಲಿ ಬಣ್ಣ ಬೇರೆಯಾದರೂ ಬಂತು. ಪಸೆ ಬರಲಿಲ್ಲ. ಆ ದಿನಗಳಲ್ಲಿ ನನ್ನಿಂದ ಹೋದದ್ದು ಇನ್ನೂ ಒಂದಿದೆ, ಅವ್ವನ ಕೈ. ಅವಳು ಬದುಕಿದ್ದಾಗಲೇ, ಒಂದೇ ಮನೆಯಲ್ಲಿ ಇದ್ದಾಗಲೇ, ಅದು ನನಗೆ ಸಿಗದೇ ಹೋಯಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಅಣ್ಣನಿಗೆ ಕನ್ನಡ ಓದಲು ಬರುವುದಿಲ್ಲ, ಅವನು ಮರಾಠಿ ಸಾಲಿಗೆ ಹೋದವನು. ಅವನಿಗೆ ನಾನೇ ಓದಿ ಹೇಳಬೇಕಾದೀತು.

ನಮ್ಮದು ಹೊಲ ಮತ್ತು ಕುರಿ ಎರಡೂ ಇದ್ದ ಮನೆ. ಬೀರೋಬ ನಮ್ಮ ದೇವರು. ಅಪ್ಪ ವರ್ಷದ ಅರ್ಧ ಕಾಲ ಕುರಿಯ ಹಿಂದೆ ಇರುತ್ತಿದ್ದ, ಉಳಿದರ್ಧ ಕಾಲ ಕುರಿಯ ಮಾತಾಡುತ್ತ ಇರುತ್ತಿದ್ದ. ಮನೆಯೆಂದರೆ ಅವ್ವನೇ. ಓಣಿಯಲ್ಲಿ ಅವಳಿಗೊಂದು ಹೆಸರಿತ್ತು, ಕೈಗುಣ ಚಲೋ ಇದ್ದಾಕಿ ಅಂತ. ಬಾಣಂತಿಯ ಕೂಸಿಗೆ ಮೊದಲ ಸಲ ಬಜೆ ತೇಯ್ದು ನೆಕ್ಕಿಸುವುದು ಅವ್ವನ ಕೈಯಿಂದಲೇ ಆಗಬೇಕು. ಎಮ್ಮೆ ಈದ ಮೇಲೆ ಮೊದಲ ಹಿಂಡಿ ಅವ್ವನೇ ಇಡಬೇಕು. ಡಾಕ್ಟರ ಔಷಧಕ್ಕೂ ಈ ರಿವಾಜು ತಪ್ಪಿರಲಿಲ್ಲ. ಅಕ್ಕಲಕೋಟೆಗೆ ಹೋಗಿ ಸೂಜಿ ಮಾಡಿಸಿಕೊಂಡು ಗುಳಿಗೆ ತಂದವರು ಬಸ್ಸಿಳಿದವರೇ ನೆಟ್ಟಗೆ ನಮ್ಮ ಮನೆಗೆ ಬರುತ್ತಿದ್ದರು. ಮೊದಲ ಗುಳಿಗೆಯನ್ನು ಅವ್ವ ಅವರ ಅಂಗೈಗೆ ಹಾಕಿ, ಹಣೆಗೆ ಬೀರೋಬನ ಭಂಡಾರದ ಅರಿಶಿನ ಹಚ್ಚಿ, ತಂಬಿಗೆಯಿಂದ ನೀರು ಕೊಡುತ್ತಿದ್ದಳು. ನೆಗಡಿ ಕಡಿಮೆಯಾದರೆ ಹೆಸರು ಅವ್ವನಿಗೆ, ಆಗದಿದ್ದರೆ ದೂರು ಡಾಕ್ಟರಿಗೆ. ಡಾಕ್ಟರಕಿ ಓದದೇ ಡಾಕ್ಟರ್ ಆದಾಕಿ ನಿಮ್ಮವ್ವ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಇದು ನಗುವ ವಿಷಯವಲ್ಲ ಎಂದೇ ಅವಳು ನಂಬಿದ್ದಳು. ಯಾರಿಗಾದರೂ ಗುಳಿಗೆ ಕೊಡುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು, ದೀಪ ಹಚ್ಚುವಾಗ ಇರುತ್ತದಲ್ಲ ಹಾಗೆ.

ನಾನು ಅವಳ ಕೈಯ ಊಟ ಉಂಡು ಬೆಳೆದವಳು ಎಂದರೆ ಸುಮ್ಮನೆ ಮಾತಿಗೆ ಹೇಳುವುದಲ್ಲ. ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಜಡೆ ಹಾಕಿಕೊಳ್ಳುತ್ತ ನಿಂತಿರುತ್ತಿದ್ದೆ, ಅವಳು ರೊಟ್ಟಿಗೆ ಶೇಂಗಾ ಹಿಂಡಿ ಮೊಸರು ಹಚ್ಚಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ರೊಟ್ಟಿ ಬಡಿದು ಬಡಿದು ಅವಳ ಅಂಗೈ ಒರಟಾಗಿತ್ತು. ಆ ಒರಟು ತುಟಿಗೆ ತಾಗಿದರೇ ತುತ್ತಿಗೆ ರುಚಿ. ಬೇರೆ ಯಾರ ಕೈಯ ರೊಟ್ಟಿಗೂ ನನಗೆ ಆ ರುಚಿ ಹತ್ತಿಲ್ಲ, ನನ್ನ ಕೈಯದಕ್ಕಂತೂ ಇಲ್ಲವೇ ಇಲ್ಲ.

ಫಿಟ್ಸ್ ಬಂದದ್ದು ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ. ಕಾಲೇಜು ಮುಗಿಸಿ ಮೈಂದರ್ಗಿ ಬಸ್ಸಿಗೆ ಕಾಯುತ್ತ ನಿಂತದ್ದು ನೆನಪಿದೆ, ಆಮೇಲೆ ನೆಲದ ಮೇಲೆ ಬಿದ್ದುಕೊಂಡು ಸುತ್ತಲಿನ ಚಪ್ಪಲಿಗಳನ್ನು ನೋಡಿದ್ದು ನೆನಪಿದೆ. ಯಾರೋ ಕೈಯಲ್ಲಿ ಬೀಗದ ಕೀಲಿ ಹಿಡಿಸಿದ್ದರು, ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ಎಲ್ಲಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಮತ್ತೊಮ್ಮೆ ಮನೆಯಲ್ಲೇ ಬಂದಾಗ ಅಪ್ಪ ಕುರಿ ಅಣ್ಣನಿಗೆ ಒಪ್ಪಿಸಿ ನನ್ನನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ.

ಅಲ್ಲಿನ ಡಾಕ್ಟರ್ ಒಳ್ಳೆಯವರು. ತಲೆಗೆ ತಂತಿ ಹಚ್ಚಿ ನೋಡಿ, ಇದು ದೆವ್ವವಲ್ಲ, ಮಾಟವಲ್ಲ, ಮಿದುಳಿನ ಒಂದು ಸಣ್ಣ ಗಡಿಬಿಡಿ, ಗುಳಿಗೆ ತಪ್ಪಿಸದೆ ತೆಗೆದುಕೊಂಡರೆ ಎಲ್ಲರಂತೆ ಇರಬಹುದು ಎಂದು ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು. ಕೊನೆಗೆ ಇನ್ನೊಂದು ಮಾತು ಹೇಳಿದರು. ಈ ಗುಳಿಗೆ ಬಹಳ ಮಂದಿಗೆ ಒಗ್ಗುತ್ತದೆ, ಯಾರೋ ಕೆಲವರ ಮೈಗೆ ಒಗ್ಗುವುದಿಲ್ಲ, ಮೈಮೇಲೆ ಏನಾದರೂ ಎದ್ದರೆ ಗುಳಿಗೆ ನಿಲ್ಲಿಸಿ ಕೂಡಲೇ ನನ್ನ ಹತ್ತಿರ ಬನ್ನಿ ಅಂದರು. ಅಪ್ಪ ತಲೆಯಾಡಿಸಿದ. ಮನೆಗೆ ಬಂದು ಅವ್ವನಿಗೂ ಹೇಳಿದ. ಅವ್ವನೂ ಕೇಳಿಸಿಕೊಂಡಳು. ಹೇಳಲಿಲ್ಲ, ಕೇಳಲಿಲ್ಲ ಎಂದು ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ಅಂದಿನಿಂದ ದಿನಾ ಎರಡು ಹೊತ್ತು ಅವ್ವ ಗುಳಿಗೆ ಕೊಡತೊಡಗಿದಳು. ಮೊದಲ ಗುಳಿಗೆಗೆ ಮಾತ್ರವಲ್ಲ, ಪ್ರತಿಯೊಂದಕ್ಕೂ ಭಂಡಾರ. ನನ್ನ ಹಣೆ ಸದಾ ಹಳದಿಯಾಗಿರುತ್ತಿತ್ತು. ಕಾಲೇಜಿನ ಗೆಳತಿಯರು ನಕ್ಕರೆ, ನಕ್ಕೊಳ್ಳಲಿ ಎನಿಸುತ್ತಿತ್ತು. ಫಿಟ್ಸ್ ಮತ್ತೆ ಬರಲಿಲ್ಲ.

ಕೆಲವು ವಾರ ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಮೈ ಬಿಸಿಯಾಯಿತು, ಗಂಟಲು ನೋಯತೊಡಗಿತು. ಮರುದಿನ ಎದೆಯ ಮೇಲೆ ಕೆಂಪು ಬಿದ್ದಿತ್ತು, ಸಂಜೆಗೆ ತೋಳು ಬೆನ್ನು ಎಲ್ಲ ಕೆಂಪು. ಆ ದಿನಗಳಲ್ಲಿ ಓಣಿಯ ಮಕ್ಕಳಿಗೆಲ್ಲ ಗೊಬ್ಬರ ಎದ್ದಿತ್ತು. ಮರಾಠಿಯವರು ಗೋವರ ಅನ್ನುತ್ತಾರಲ್ಲ, ಆ ದಡಾರ. ಎರಡು ಮನೆ ಆಚೆಯ ಬಾಗಿಲಿಗೂ ಬೇವಿನ ತಪ್ಪಲು ಕಟ್ಟಿದ್ದರು. ನಮ್ಮಲ್ಲಿ ಅದನ್ನು ಬೇನೆ ಅನ್ನುವುದಿಲ್ಲ, ತಾಯಿ ಬಂದಾಳ ಅನ್ನುತ್ತೇವೆ. ಅವ್ವ ನನ್ನ ಕುಪ್ಪಸ ಸರಿಸಿ ನೋಡಿದವಳೇ ಎರಡೂ ಕೈ ಜೋಡಿಸಿದಳು.

ಡಾಕ್ಟರ್ ಹೇಳಿದ ಮಾತು ಮರೆತದ್ದಲ್ಲ ಅದು. ಮೈಮೇಲೆ ಏನಾದರೂ ಎದ್ದರೆ ಬನ್ನಿ ಅಂದಿದ್ದರು ಅವರು. ಆದರೆ ನಮ್ಮ ಮನೆಯ ಮಟ್ಟಿಗೆ ನನ್ನ ಮೈಮೇಲೆ ಏನೂ ಎದ್ದಿರಲಿಲ್ಲ. ಮೈಗೆ ತಾಯಿ ಬಂದಿದ್ದಳು. ತಾಯಿಯನ್ನು ಡಾಕ್ಟರಿಗೆ ತೋರಿಸಲು ಒಯ್ಯುವುದುಂಟೇ? ಅಪ್ಪನಿಗೂ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನು ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವಳು.

ತಾಯಿ ಬಂದ ಮನೆಯಲ್ಲಿ ಒಗ್ಗರಣೆ ಇಲ್ಲ, ತಲೆ ಬಾಚುವುದಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಔಷಧವಂತೂ ಮುಟ್ಟುವಂತಿಲ್ಲ, ತಾಯಿ ಮುನಿಯುತ್ತಾಳೆ. ಅಪ್ಪ ಫಿಟ್ಸಿನ ಗುಳಿಗೆಯ ಬಗ್ಗೆ ಕೇಳಿದಾಗ ಅವ್ವ, ಆಕೆ ಹೋಗುವ ತನಕ ಯಾವ ಗುಳಿಗೆಯೂ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದಳು. ಹಾಗೆ ಗುಳಿಗೆ ನಿಂತಿತು. ಡಾಕ್ಟರ್ ಹೇಳಿದ ಅರ್ಧ ಮಾತನ್ನು ನಮ್ಮ ದೇವತೆ ತಾನೇ ನಡೆಸಿಕೊಟ್ಟಳು ಎಂದು ಈಗ ಅನಿಸುತ್ತದೆ. ಉಳಿದ ಅರ್ಧಕ್ಕೆ ಸೊಲ್ಲಾಪುರಕ್ಕೆ ಹೋಗಬೇಕಿತ್ತು.

ಆ ದಿನಗಳನ್ನು ನಾನು ಈಗಲೂ ಬಯಸುತ್ತೇನೆ. ಹೇಳಿದರೆ ಹುಚ್ಚಿ ಅಂದಾರು. ಹಸಿ ಬೇವಿನ ತಪ್ಪಲಿನ ಮೇಲೆ ಹಳೆಯ ಮೆತ್ತನೆಯ ಸೀರೆ ಹಾಸಿ ನನ್ನನ್ನು ಮಲಗಿಸಿದ್ದರು. ಅವ್ವ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಮೈ ತುರಿಸಿದಾಗ ಉಗುರು ತಾಗಿಸಬಾರದೆಂದು ಬೇವಿನ ಎಳೆಯ ಕುಡಿಯಿಂದ ಮೆಲ್ಲಗೆ ಸವರುತ್ತಿದ್ದಳು. ಕುಡಿ ಬಾಡಿದ ಮೇಲೆ ಕೈಯಿಂದಲೇ ಸವರುತ್ತಿದ್ದಳು. ಮೊಸರನ್ನ ಕಲಸಿ ತುತ್ತು ತುತ್ತಾಗಿ ತಿನ್ನಿಸುತ್ತಿದ್ದಳು. ನನ್ನನ್ನು ತಾಯಿ ಎಂದೇ ಕರೆಯುತ್ತಿದ್ದಳು, ಏನು ಬೇಕು ತಾಯಿ, ನೀರು ಕುಡಿ ತಾಯಿ ಎಂದು. ಮೈಯಲ್ಲಿ ಕುಳಿತ ದೇವಿಗೆ ಅಂದದ್ದೋ ನನಗೆ ಅಂದದ್ದೋ ತಿಳಿಯುತ್ತಿರಲಿಲ್ಲ. ನಾನು ಸ್ವಲ್ಪ ಸೊಕ್ಕಿನಿಂದ ಅದನ್ನೂ ಇದನ್ನೂ ಬೇಡುತ್ತಿದ್ದೆ. ದೇವಿಗೆ ಬೆಲ್ಲದ ಕಾಕಂಬಿ ಬೇಕಂತೆ ಎಂದು ಒಮ್ಮೆ ಹೇಳಿದೆ. ಅವ್ವ ಅನುಮಾನದಿಂದ ನೋಡಿದಳು, ಆದರೂ ತರಿಸಿದಳು.

ಕೆಂಪು ಇಳಿಯಿತು, ಜ್ವರ ಬಿಟ್ಟಿತು. ಗುಳಿಗೆ ಇಲ್ಲದೆಯೂ ಆ ದಿನಗಳಲ್ಲಿ ಫಿಟ್ಸ್ ಬರಲಿಲ್ಲ. ತಾಯಿಯೇ ಕಾಯ್ದಳು ಎಂದು ಅವ್ವ ಎಲ್ಲರ ಮುಂದೆ ಹೇಳಿದಳು. ಬೇವಿನ ನೀರು ಕಾಸಿ ನನಗೆ ತಲೆಗೆ ಎರೆದಳು. ಮೊಸರನ್ನದ ಎಡೆ, ಹಸಿರು ಬಳೆ, ಕುಪ್ಪಸದ ಖಣ ಇಟ್ಟು, ಊರ ಅಂಚಿನ ಬೇವಿನ ಗಿಡದ ತನಕ ಹೋಗಿ ತಾಯಿಯನ್ನು ಕಳಿಸಿಬಂದಳು. ಅಂದು ಸಂಜೆ ದೇವರ ಮುಂದೆ ದೀಪ ಹಚ್ಚಿ, ಅಷ್ಟು ದಿನ ಗೋಡೆಯ ಮಾಡದಲ್ಲಿ ಇಟ್ಟಿದ್ದ ಗುಳಿಗೆಯ ಪಾಕೀಟು ತೆಗೆದಳು. ತಾಯಿ ಬಂದಾಗ ಔಷಧ ಬಿಡಿಸಿದ್ದಕ್ಕೆ ಅವಳಿಗೆ ಒಳಗೊಳಗೇ ಭಯವಿತ್ತೆಂದು ಕಾಣುತ್ತದೆ. ತಪ್ಪಿದ್ದನ್ನೆಲ್ಲ ತುಂಬಿಕೊಡುವವಳ ಹಾಗೆ ಹಣೆಗೆ ಭಂಡಾರ ಢಾಳಾಗಿ ಹಚ್ಚಿದಳು.

"ಬಾಯಿ ತೆರಿ ತಾಯಿ," ಅಂದಳು. ಗುಳಿಗೆಯನ್ನು ಅಂಗೈಗೆ ಹಾಕಲಿಲ್ಲ, ತಾನೇ ನಾಲಿಗೆಯ ಮೇಲೆ ಇಟ್ಟಳು. ಅವಳ ಬೆರಳು ತುಟಿಗೆ ತಾಗಿತು. ಬೆರಳಿಗೆ ಬೇವಿನ ಕಹಿಯಿತ್ತು.

ಆಮೇಲೆ ಆದದ್ದನ್ನು ನಿಧಾನವಾಗಿ ಹೇಳುವ ಧೈರ್ಯ ನನಗಿಲ್ಲ. ಮರುದಿನವೇ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಈ ಸಲ ಬರೀ ಕೆಂಪಲ್ಲ, ಗುಳ್ಳೆ ಎದ್ದವು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತು, ಬಾಯೊಳಗೆ ನೀರು ಇಳಿಯದಾಯಿತು, ಕಣ್ಣು ಅಂಟಿಕೊಂಡವು. ತಾಯಿ ಸಿಟ್ಟಾಗಿ ತಿರುಗಿ ಬಂದಾಳ ಎಂದು ಓಣಿಯವರು ಅಂದರು. ಅವ್ವ ಬೇವಿನ ತಪ್ಪಲಿಗೆ ಓಡಿದಳು. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು ನನ್ನ ತೋಳು ನೋಡಿದ. ಅಲ್ಲಿ ಬಟ್ಟೆ ತಾಗಿದ ಕಡೆ ಚರ್ಮ ಜಾರಿತ್ತು. ಅವನು ಹೋಗಿ ಜೀಪು ತಂದ. ತನ್ನ ಕಂಬಳಿ ಒರಟೆಂದು ಅವ್ವನ ಹಳೆಯ ಸೀರೆಯಲ್ಲೇ ನನ್ನನ್ನು ಸುತ್ತಿ ಎತ್ತಿಕೊಂಡ.

ಸೊಲ್ಲಾಪುರದ ದವಾಖಾನೆಯಲ್ಲಿ ಸುಟ್ಟವರನ್ನು ನೋಡಿಕೊಳ್ಳುವ ಹಾಗೆ ನನ್ನನ್ನು ನೋಡಿಕೊಂಡರು. ಕಣ್ಣು ತೆರೆಯಲು ಬರುತ್ತಿರಲಿಲ್ಲ, ಆದ್ದರಿಂದ ನನ್ನ ನೆನಪೆಲ್ಲ ಕಿವಿಯದು. ನರ್ಸಿನ ಮೆತ್ತನೆಯ ಹೆಜ್ಜೆ, ಸಲಾಯಿನ ಬದಲಿಸುವ ಸಪ್ಪಳ, ಯಾರನ್ನೂ ಮುಟ್ಟಗೊಡಬೇಡಿ ಎಂಬ ಮಾತು. ಅವ್ವ ಎಲ್ಲಿ ಎಂದು ಕೇಳಲು ಬಾಯಿ ತೆರೆಯಲಾಗುತ್ತಿರಲಿಲ್ಲ. ಅವಳು ಇದ್ದಳು. ಕೊಠಡಿಯ ಹೊರಗೆ ಅವಳ ಬಳೆ ಸದ್ದು ಮಾಡುತ್ತಿದ್ದವು, ಒಂದು ದಿನ ಅದೂ ನಿಂತಿತು. ಸದ್ದಾಗಬಾರದೆಂದು ಬಳೆಗೆ ಬಟ್ಟೆ ಕಟ್ಟಿಕೊಂಡಿದ್ದಳೆಂದು ಅಪ್ಪ ಆಮೇಲೆ ಹೇಳಿದ.

ಚೇತರಿಸಿಕೊಂಡ ಮೇಲೆ ಡಾಕ್ಟರ್ ಮೂವರನ್ನೂ ಕೂಡಿಸಿಕೊಂಡು ಹೇಳಿದರು. ಮೊದಲು ಬಂದದ್ದು ಗೋವರ ಅಲ್ಲ, ಗುಳಿಗೆ ಒಗ್ಗದೇ ಬಂದ ಕೆಂಪು. ಬಿಟ್ಟಿದ್ದರಿಂದ ಇಳಿಯಿತು, ಮತ್ತೆ ಕೊಟ್ಟಿದ್ದರಿಂದ ಹೀಗಾಯಿತು. ಇನ್ನು ಈ ಜನ್ಮದಲ್ಲಿ ಆ ಗುಳಿಗೆ, ಅದರ ಜಾತಿಯ ಗುಳಿಗೆ ನುಂಗಬಾರದು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ಹೇಳಬೇಕು. ಫಿಟ್ಸಿಗೆ ಬೇರೆ ಔಷಧ ಬರೆದುಕೊಟ್ಟರು. ಅದು ಇಂದಿಗೂ ನನಗೆ ಒಗ್ಗಿ ನಡೆದಿದೆ. ಯಾರ ತಪ್ಪೂ ಅಲ್ಲ ಎಂದೂ ಅವರು ಹೇಳಿದರು. ಆದರೆ ಅವ್ವ ಅದಕ್ಕಿಂತ ಮೊದಲೇ, ಮತ್ತೆ ಕೊಟ್ಟಿದ್ದರಿಂದ ಎನ್ನುವಲ್ಲಿಗೇ, ಕೇಳುವುದನ್ನು ನಿಲ್ಲಿಸಿದ್ದಳು. ಡಾಕ್ಟರು ಮರಾಠಿಯಲ್ಲಿ ಹೇಳುತ್ತಿದ್ದರು, ಅವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದಳು. ನನ್ನ ಕಣ್ಣಿಗೆ ಆಗ ಎಲ್ಲವೂ ಮಂಜು. ಅದು ಮಾತ್ರ ಕಂಡಿತು.

ಮನೆಗೆ ಬಂದ ಮೊದಲ ದಿನ ಅವಳು ಚಹಾ ತಂದಳು. ನಾನು ಕೈ ಚಾಚಿದೆ. ಅವಳು ಕಪ್ಪನ್ನು ನನ್ನ ಪಕ್ಕ ನೆಲದ ಮೇಲಿಟ್ಟು ಕೈ ಹಿಂದೆ ಸರಿಸಿದಳು. ಮೈ ಇನ್ನೂ ಹಸಿಯಿದೆಯೆಂದು ಹಾಗೆ ಮಾಡಿದಳು ಅಂದುಕೊಂಡೆ. ಮೈ ಒಣಗಿತು, ಬಲಿಯಿತು, ಕಪ್ಪು ನೆಲದ ಮೇಲೇ ಉಳಿಯಿತು. ರೊಟ್ಟಿ ಬುಟ್ಟಿಯಲ್ಲಿಟ್ಟು ದೂಡುತ್ತಿದ್ದಳು. ಗುಳಿಗೆಯನ್ನು ಅಪ್ಪ ಕೊಡುತ್ತಿದ್ದ, ಅಪ್ಪ ಕುರಿಯ ಹಿಂದೆ ಹೋದರೆ ಅಣ್ಣ. ಜಡೆ ಹಾಕಿಕೊಳ್ಳುವಾಗ ಬಾಯಿಗೆ ತುತ್ತು ಬರುವುದು ನಿಂತಿತು. ಓಣಿಯವರು ಬಂದು ಕೂಸಿಗೆ ಬಜೆ ನೆಕ್ಕಿಸು ಬಾ ಅಂದರೆ, ನನ್ನ ಕೈ ಈಗ ಸುಮಾರ ಐತಿ, ಬೇರೆಯವರನ್ನು ಕರೀರಿ ಎಂದು ಕಳಿಸುತ್ತಿದ್ದಳು. ಅವರಿಗೆ ಹೊಸ ಕೈಗುಣದವಳು ಬೇಗ ಸಿಕ್ಕಳು. ಓಣಿ ಅಂದರೆ ಹಾಗೇ, ಯಾರಿಗಾಗಿಯೂ ನಿಲ್ಲುವುದಿಲ್ಲ.

ನಾನು ಜಗಳ ಆಡಿ ನೋಡಿದೆ. ಕೈಗೂ ಗುಳಿಗೆಗೂ ಏನು ಸಂಬಂಧ, ಅಪ್ಪ ಕೊಟ್ಟಿದ್ದರೂ ಹೀಗೇ ಆಗುತ್ತಿತ್ತು ಎಂದು ಕೂಗಾಡಿದೆ. ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಮತ್ತೆ ಮತ್ತೆ ಬಿಡಿಸಿ ಹೇಳಿದೆ. ಹೂಂ ಅನ್ನುತ್ತಿದ್ದಳು. ಒಮ್ಮೆ ಜ್ವರ ಬಂದಂತೆ ನಾಟಕ ಮಾಡಿ ಹೊದ್ದು ಮಲಗಿದೆ, ಹಣೆಯನ್ನಾದರೂ ಮುಟ್ಟಿ ನೋಡಲಿ ಎಂದು. ಅವಳು ಅಣ್ಣನನ್ನು ಕರೆದು ಮುಟ್ಟಿ ನೋಡೆಂದಳು. ಏನೂ ಬಿಸಿ ಇಲ್ಲ, ಕಾಲೇಜು ತಪ್ಪಿಸಾಕ ಮಲಗ್ಯಾಳ ಎಂದು ಅಣ್ಣ ಹೊದಿಕೆ ಎಳೆದ. ಸಿಟ್ಟು ಬಂದು ಅವನಿಗೆ ಎರಡು ಕೊಟ್ಟೆ.

ಒಂದು ಸಲ ಮಾತ್ರ ಅವಳೇ ಬಾಯಿ ಬಿಟ್ಟಳು. ನಾನು ಅಂಗಳದಲ್ಲಿ ಕುಳಿತು ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೆ. ದಿನಕ್ಕೆ ಹಲವು ಸಲ ಕಣ್ಣಿಗೆ ನೀರಿನಂಥ ಔಷಧ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಕಣ್ಣು ಬಿಡಲಾಗುವುದಿಲ್ಲ. ಆಗಿನ್ನೂ ರೂಢಿಯಾಗಿರಲಿಲ್ಲ, ಹನಿ ಮೂಗಿನ ಮೇಲೆ, ಗಲ್ಲದ ಮೇಲೆ ಎಲ್ಲೆಲ್ಲೋ ಬೀಳುತ್ತಿತ್ತು. ನೀನಾದರೂ ಹಾಕು ಬಾರವ್ವ ಎಂದು ಬಾಟಲಿ ಅವಳ ಕಡೆ ಹಿಡಿದೆ.

"ಬ್ಯಾಡವ್ವ," ಅಂದಳು. "ಉಳದಿದ್ದ ದೃಷ್ಟೀನೂ ನನ್ನ ಕೈಲಿಂದ ಹೋಗೋದು ಬ್ಯಾಡ."

ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಕಂದಲಗಾಂವದ ಹುಡುಗನೊಂದಿಗೆ ಮದುವೆಯಾಯಿತು. ಫಿಟ್ಸಿನ ಮಾತು, ಗುಳಿಗೆಯ ಮಾತು, ಕಣ್ಣಿನ ಮಾತು ಎಲ್ಲ ಮೊದಲೇ ಹೇಳಿದ್ದೆವು. ಅವರು ವಿಚಾರ ಮಾಡಿ ಹೂಂ ಅಂದರು. ಅರಿಶಿನ ಹಚ್ಚುವ ದಿನ ನನ್ನನ್ನು ಮಣೆಯ ಮೇಲೆ ಕೂಡಿಸಿದಾಗ, ಇಂದಾದರೂ ಅವಳು ಬಂದೇ ಬರುತ್ತಾಳೆ ಅಂದುಕೊಂಡಿದ್ದೆ. ಮಗಳಿಗೆ ಮೊದಲ ಅರಿಶಿನ ತಾಯಿಯದೇ. ಅವ್ವ ಅರಿಶಿನ ಕಲಸಿದಳು, ಬಟ್ಟಲು ತುಂಬಿದಳು, ಬಟ್ಟಲನ್ನು ಸೋದರತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು. ಅಪ್ಪನ ತಂಗಿ ನನ್ನ ಕೆನ್ನೆಗೆ, ಬಣ್ಣ ಬೇರೆಯಾದ ತೋಳಿಗೆ ಅರಿಶಿನ ಸವರಿದಳು. ಒಳ್ಳೆಯ ಮನಸ್ಸಿನ ಹೆಂಗಸು. ಅವಳ ಕೈ ಮೆತ್ತಗಿತ್ತು. ನನಗೆ ಬೇಕಾದದ್ದು ಒರಟು ಕೈ. ಕಳಿಸಿಕೊಡುವಾಗ ಎಲ್ಲರೂ ಅತ್ತರು, ಅವ್ವನೂ ಅತ್ತಳು. ನಾನು ಒಣಗಣ್ಣಿನಿಂದ ಗಾಡಿ ಹತ್ತಿದೆ.

ಸೊಲ್ಲಾಪುರದಲ್ಲಿ ವಿಜಾಪುರ ರಸ್ತೆಯ ಒಂದು ಓಣಿಯಲ್ಲಿ ಮನೆ ಮಾಡಿದೆವು. ನನಗೆ ಕನ್ನಡ ಸಾಲಿಯಲ್ಲಿ ಕೆಲಸ ಸಿಕ್ಕಿತು. ಮಕ್ಕಳು ಮರಾಠಿಯಲ್ಲಿ ಜಗಳವಾಡಿ ಕನ್ನಡದಲ್ಲಿ ದೂರು ಹೇಳುತ್ತಾರೆ, ನಾನು ಎರಡರಲ್ಲೂ ಬೈಯುತ್ತೇನೆ. ದಿನಗಳು ಚೆನ್ನಾಗಿಯೇ ಹೋದವು. ಆದರೂ ಊರಿಗೆ ಹೋದಾಗಲೆಲ್ಲ ಮೈಂದರ್ಗಿ ಬಸ್ಸಿಳಿದು ಮನೆಯ ಬಾಗಿಲಿಗೆ ಬರುವ ತನಕ ಒಂದೇ ಆಸೆ, ಈ ಸಲ ಚಹಾದ ಕಪ್ಪು ಕೈಗೆ ಕೊಟ್ಟಾಳೆಂದು. ಅವಳು ಕಪ್ಪನ್ನು ನೆಲದ ಮೇಲಿಡುತ್ತಿದ್ದಳು. ನನ್ನ ಗಂಡ ಮೊದಲ ಸಲ ಅದನ್ನು ನೋಡಿದಾಗ, ನಿಮ್ಮವ್ವ ಅಷ್ಟು ಮಡಿಯವರೇ ಎಂದು ಕೇಳಿದರು. ಹೂಂ, ಭಾಳ ಮಡಿ ಅಂದೆ. ಕುರಿ ಕಾಯುವವರ ಮನೆಯಲ್ಲಿ ಎಂಥ ಮಡಿ ಎಂದು ಅವರಿಗೂ ಅನಿಸಿರಬೇಕು, ಮುಂದೆ ಕೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವನ ಕಣ್ಣಿಗೆ ಪೊರೆ ಬಂತು. ನಮ್ಮಲ್ಲಿ ಮೋತಿಬಿಂದು ಅನ್ನುತ್ತಾರೆ. ಅಣ್ಣ ಅವಳನ್ನು ನಮ್ಮ ಮನೆಗೆ ತಂದು ಬಿಟ್ಟ, ಸೊಲ್ಲಾಪುರದಲ್ಲೇ ಆಪರೇಷನ್ ಆಯಿತು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕಿತ್ತು. ಹನಿ ಹಾಕುವುದರಲ್ಲಿ ಈ ಊರಿನಲ್ಲಿ ನನ್ನಷ್ಟು ಪಳಗಿದವರು ಯಾರೂ ಇರಲಿಕ್ಕಿಲ್ಲ. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ರೆಪ್ಪೆ ಎಳೆದು, ಒಂದೇ ಹನಿ ಸರಿಯಾಗಿ ಬೀಳಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿ ಹಾಗೇ ಮಲಗಿರುತ್ತಿದ್ದಳು. ಅವಳ ಹಣೆಯ ಮೇಲೆ ನನ್ನ ಅಂಗೈ ಇರುತ್ತಿತ್ತು. ಅವಳು ನನ್ನನ್ನು ಮುಟ್ಟದಿದ್ದರೆ ಬೇಡ, ನಾನೇ ಮುಟ್ಟುತ್ತಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎರಡನೆಯ ಸಂಜೆ ಅವಳ ಕಣ್ಣು ಕೆಂಪಗಾಯಿತು. ರೆಪ್ಪೆ ಬಾತು, ಸುತ್ತಲಿನ ಚರ್ಮ ಕಜ್ಜಿಯಂತೆ ಎದ್ದಿತು. ಕೂಡಲೇ ರಿಕ್ಷಾದಲ್ಲಿ ಕೂಡಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಅವರು ನೋಡಿ, ಒಳಗೆ ಏನೂ ಆಗಿಲ್ಲ, ಈ ಔಷಧ ಇವರ ಮೈಗೆ ಒಗ್ಗಿಲ್ಲ ಅಷ್ಟೇ ಎಂದು ಅದನ್ನು ಬಿಡಿಸಿ ಬೇರೆ ಬಾಟಲಿ ಕೊಟ್ಟರು. ಬೇಗ ಬಂದಿರಿ, ಒಳ್ಳೆಯದಾಯಿತು ಅಂದರು.

ಮನೆಗೆ ಬಂದ ಮೇಲೆ ಹೊಸ ಬಾಟಲಿಯನ್ನು ಗಂಡನ ಕೈಗೆ ಕೊಟ್ಟು, ಇನ್ನು ಮೇಲೆ ನೀವೇ ಹಾಕಿರಿ ಅಂದೆ. ಅವರು ಅವ್ವನ ಹತ್ತಿರ ಕುಳಿತರು. ಅವ್ವ ಕಣ್ಣು ಬಿಡಲಿಲ್ಲ.

"ಅಳಿಯಂದ್ರ ಕೈಲಿಂದ ಬ್ಯಾಡ. ಆಕಿನ ಹಾಕಲಿ," ಅಂದಳು.

"ಬ್ಯಾಡವ್ವ, ನನ್ನ ಕೈಲಿಂದನ ಹಿಂಗಾತು," ಎಂದೆ. ಬೇಕೆಂದು ಆಡಿದ ಮಾತಲ್ಲ. ನಿಜವಾಗಿಯೂ ಹೆದರಿದ್ದೆ.

"ಔಷಧ ಒಗ್ಗಲಿಲ್ಲ. ಅದಕ್ಕ ನಿನ್ನ ಕೈ ಏನ್ ಮಾಡೀತು?"

ಹೇಳಿದವಳ ಬಲಗೈ ಸೆರಗಿನೊಳಗೆ ಹೋಯಿತು. ನನ್ನ ಗಂಡ ಇಬ್ಬರನ್ನೂ ನೋಡಿ, ಬಾಟಲಿಯನ್ನು ನನ್ನ ಪಕ್ಕದಲ್ಲಿಟ್ಟು ಎದ್ದು ಹೊರಗೆ ಹೋದರು. ನಾನು ಅವ್ವನ ಕಣ್ಣಿಗೆ ಹನಿ ಹಾಕಿದೆ. ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಕಿಟಕಿಯ ಹತ್ತಿರ ಕುಳಿತು ತನ್ನ ಎರಡು ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಣ್ಣಿಗೆ ಕಪ್ಪು ಕನ್ನಡಕ ಇತ್ತು, ಏನು ನೋಡುತ್ತಿದ್ದಳೋ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಸಾಲಿಯಿಂದ ಬಂದೆ. ಬಿಸಿಲಿಗೆ ಕಣ್ಣು ಉರಿಯುತ್ತಿತ್ತು. ಚೀಲದಿಂದ ನನ್ನ ಬಾಟಲಿ ತೆಗೆದು ಗೋಡೆಗೆ ಒರಗಿ ಕುಳಿತೆ. ಅವ್ವ ಕಿಟಕಿಯ ಕಡೆಯಿಂದ ನಿಧಾನವಾಗಿ ಎದ್ದು ಬಂದು ನನ್ನೆದುರು ಕುಳಿತಳು. ಕೈ ಮುಂದೆ ಚಾಚಿದಳು.

"ತಾ ಇಲ್ಲಿ," ಅಂದಳು.

ನಾನು ಬಾಟಲಿ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು. ಗದ್ದ ಹಿಡಿದು ನನ್ನ ಮುಖ ಮೇಲೆತ್ತಿದಳು. ಅದೇ ಒರಟು ಬೆರಳುಗಳು, ಸ್ವಲ್ಪ ತೆಳ್ಳಗಾಗಿದ್ದವು. ಏನಾದರೂ ಮಾತಾಡಿದರೆ ಅವಳು ಎದ್ದು ಹೋದಾಳೆಂದು ನಾನು ಉಸಿರು ಬಿಗಿಹಿಡಿದಿದ್ದೆ. ಅವಳ ಕಣ್ಣಿಗೆ ಇನ್ನೂ ನೆಟ್ಟಗೆ ಕಾಣುತ್ತಿರಲಿಲ್ಲ. ಮೊದಲ ಹನಿ ಕಣ್ಣು ತಪ್ಪಿ ರೆಪ್ಪೆಯ ಕೆಳಗೆ ಬಿದ್ದಿತು. ಎರಡನೆಯದು ಒಳಗೆ ಬಿದ್ದಿತು. ತಣ್ಣಗಾಯಿತು.

ಕೆಳಗೆ ಬಿದ್ದ ಹನಿ ಕೆನ್ನೆಯ ಮೇಲೆ ಇಳಿಯತೊಡಗಿತು. ಅವ್ವ ಬಗ್ಗಿ ಅದನ್ನು ನೋಡಿದಳು. ಬಾಟಲಿಯನ್ನು ಪಕ್ಕಕ್ಕಿಟ್ಟು ಹೆಬ್ಬೆರಳಿನಿಂದ ನನ್ನ ಕೆನ್ನೆ ಒರೆಸಿದಳು.

"ಅಳಬ್ಯಾಡ ತಾಯಿ," ಅಂದಳು. "ಆತಲ್ಲ, ಅಳಬ್ಯಾಡ."

ಅದು ಔಷಧದ ಹನಿ ಎಂದು ನಾನು ಹೇಳಲಿಲ್ಲ.

ಅವಳು ಊರಿಗೆ ಮರಳುವ ತನಕ ದಿನಾ ಅವಳೇ ಹಾಕಿದಳು. ಮುಂದಿನ ಚಳಿಗಾಲದಲ್ಲಿ ಹೋಗಿಬಿಟ್ಟಳು. ಈಗ ಮಧ್ಯಾಹ್ನ ಸಾಲಿಯಿಂದ ಬಂದು ಅದೇ ಗೋಡೆಗೆ ಒರಗಿ ಕುಳಿತಾಗ ನನ್ನ ಕೈ ಬೇಕೆಂದೇ ಸ್ವಲ್ಪ ತಪ್ಪುತ್ತದೆ. ಒಂದು ಹನಿ ಕೆನ್ನೆಯ ಮೇಲೆ ಇಳಿಯುತ್ತದೆ. ನಾನು ಅದನ್ನು ಒರೆಸಿಕೊಳ್ಳುವುದಿಲ್ಲ.